‘ಚಾಕ್ರಿ ಬಿಡಲೇ ಸಾರ್?’

ಬಂಗಾಳಿಯಲ್ಲಿ ಉದ್ಯೋಗಕ್ಕೆ ‘ಚಾಕ್ರಿ’ ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಹುಡುಗನಿಗೆ ಸರ್ಕಾರಿ ಚಾಕ್ರಿ ಇದೆಯೆಂದರೆ ಅರ್ಧ ಸಂಬಂಧ ಕುದುರಿದ ಹಾಗೆಯೇ. ಅದೇ ಮಾತು ಕನ್ನಡದಲ್ಲಿ ‘ಚಾಕರಿ’ ಎಂದಾದಾಗ ಅದರ ವಾಸನೆಯೇ ಬೇರೆ. ಯಾರದೋ ಮನೆಯ ಮುಸುರೆ ತಿಕ್ಕಿದ, ಇನ್ನೊಬ್ಬರ ಮುಂದೆ ತಲೆ ಬಗ್ಗಿಸಿದ ಅರ್ಥ ಅದಕ್ಕೆ ಅಂಟಿಕೊಂಡಿದೆ. ನಾನು ಕೋಲ್ಕತ್ತಕ್ಕೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ‘ನಿಮ್ಮದು ಯಾವ ಚಾಕ್ರಿ?’ ಎಂದು ಅಕ್ಕರೆಯಿಂದ ಕೇಳಿದಾಗ ಒಂದು ಕ್ಷಣ ಮುಖ ಸಣ್ಣದಾಗಿತ್ತು. ಒಂದೇ ಪದಕ್ಕೆ ಒಂದು ಭಾಷೆಯಲ್ಲಿ ಮರ್ಯಾದೆ, ಇನ್ನೊಂದರಲ್ಲಿ ಬೇಸರ. ಈ ಲೇಖನದ ವಿಷಯವೂ ಹೆಚ್ಚುಕಡಿಮೆ ಅದೇ.

ಈ ಸಲದ ಯುಗಾದಿ ಊಟದ ಹೊತ್ತಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ನನ್ನ ಪಕ್ಕದಲ್ಲಿ ಕೂತಿದ್ದ. ಸರ್ಕಾರಿ ಬ್ಯಾಂಕೊಂದರಲ್ಲಿ ಆಫೀಸರ್. ಇಲ್ಲಿಗೆ ವರ್ಗವಾಗಿ ಬಂದು ಎರಡು ವರ್ಷ, ಒಟ್ಟು ಸೇವೆ ನಾಲ್ಕು ವರ್ಷ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಹವಾಮಾನದ ಸುದ್ದಿ ಹೇಳುವಷ್ಟೇ ತಣ್ಣಗೆ, ‘ಸಾರ್, ಕೆಲಸ ಬಿಡ್ಲಾ ಅಂತ ಯೋಚನೆ ಮಾಡ್ತಿದೀನಿ’ ಎಂದ. ಯಾಕಪ್ಪಾ ಎಂದೆ. ‘ದುಡ್ಡಿಗೇನೂ ಕಮ್ಮಿ ಇಲ್ಲ ಸಾರ್. ಆದ್ರೆ ಭಾನುವಾರ ಸಾಯಂಕಾಲ ಆಯ್ತು ಅಂದ್ರೆ ಹೊಟ್ಟೆ ಒಳಗೆ ಏನೋ ಕಲಸಿದ ಹಾಗಾಗುತ್ತೆ. ನಂಗೆ ಮಕ್ಕಳಿಗೆ ಲೆಕ್ಕ ಹೇಳ್ಕೊಡೋದು ಇಷ್ಟ. ಇಲ್ಲಿ ಬೆಳಗ್ಗೆಯಿಂದ ರಾತ್ರಿ ತನಕ ಇನ್ಶೂರೆನ್ಸ್ ಮಾರೋ ಟಾರ್ಗೆಟ್ಟು.’

ಊರಲ್ಲಿ ಅಪ್ಪನಿಗೆ ವಿಷಯ ಹೇಳಿಲ್ಲವಂತೆ. ಹೇಳಿದರೆ ಏನಾಗುತ್ತದೆಂದು ನನಗೂ ಗೊತ್ತು. ಹೊಲ ಅಡವಿಟ್ಟು ಓದಿಸಿದವರಿಗೆ ‘ಖುಷಿ ಇಲ್ಲ’ ಎನ್ನುವುದು ಕಾರಣವಾಗಿ ಕಾಣುವುದೇ ಇಲ್ಲ.

ನಾನು ತಕ್ಷಣ ಏನೂ ಹೇಳಲಿಲ್ಲ. ‘ಮುಂದಿನ ಶನಿವಾರ ಬೌಬಜಾರ್ ಕಡೆ ಬಾ, ಒಂದು ಜಾಗ ತೋರಿಸ್ತೀನಿ’ ಎಂದೆ.

ಬೌಬಜಾರ್ ಬೀದಿಗೆ ಈಗ ಬಿಪಿನ್ ಬಿಹಾರಿ ಗಂಗೂಲಿ ಬೀದಿ ಎಂದು ಹೆಸರು. ಚಿನ್ನದಂಗಡಿಗಳು, ಹಳೆಯ ಮರದ ಪೀಠೋಪಕರಣದ ಅಂಗಡಿಗಳು. ಅಲ್ಲಿನ 210ನೇ ನಂಬರಿನಲ್ಲಿ ಇವತ್ತು ಗೋಯೆಂಕಾ ವಾಣಿಜ್ಯ ಕಾಲೇಜು ಇದೆ. ಹಿಂದೆ ಅಲ್ಲಿದ್ದದ್ದು ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್. ಸಂಸ್ಥೆ ಆಮೇಲೆ ಜಾದವಪುರಕ್ಕೆ ಹೋಯಿತು.

1907ರಲ್ಲಿ, ಇನ್ನೂ 19 ತುಂಬದ ತಮಿಳು ಹುಡುಗನೊಬ್ಬ ಈ ಊರಿಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಬಂದ. ಹಣಕಾಸು ಸೇವೆಯ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗ. ಐಸಿಎಸ್‌ಗೆ ಇಂಗ್ಲೆಂಡಿಗೆ ಹೋಗಬೇಕಿತ್ತು. ಇವನ ಮೈಗೆ ಅಲ್ಲಿನ ಹವೆ ಆಗದೆಂದು ಮದ್ರಾಸಿನ ಡಾಕ್ಟರು ಹೇಳಿದ್ದರಿಂದ ಆ ದಾರಿ ಮುಚ್ಚಿತ್ತು. ವಿಜ್ಞಾನ ಓದಿದವನಿಗೆ ಆಗ ದೇಶದಲ್ಲಿ ವಿಜ್ಞಾನದ ಕೆಲಸವೇ ಇರಲಿಲ್ಲವೆನ್ನಬಹುದು. ಹಾಗಾಗಿ ಲೆಕ್ಕಪತ್ರ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಆ ಸಂಸ್ಥೆಯ ಬೋರ್ಡು ಕಣ್ಣಿಗೆ ಬಿತ್ತು. ಇಳಿದು ಬಾಗಿಲು ತಟ್ಟಿದ. ಬಾಗಿಲು ತೆರೆದವರು ಆಶುತೋಷ್ ದೇ ಎಂಬ ಸಹಾಯಕ. ಒಳಗೆ ಉಪಕರಣಗಳಿದ್ದವು, ಬಳಸುವವರಿರಲಿಲ್ಲ.

ಸಿ. ವಿ. ರಾಮನ್ ಎಂದರೆ ನಮಗೆ ಬೆಂಗಳೂರಿನವರು. ಮೇಖ್ರಿ ವೃತ್ತದ ಹತ್ತಿರದ ಸಂಸ್ಥೆ, ತಲೆಗೆ ರುಮಾಲು, ಗುಲಾಬಿ ತೋಟ. ಆದರೆ ಅವರ ಬದುಕಿನ ಮುಖ್ಯ ತೀರ್ಮಾನ ಆದದ್ದು ಕಲ್ಕತ್ತೆಯಲ್ಲಿ, ಬೆಂಗಳೂರಿಗೆ ಬರುವ ಎಷ್ಟೋ ವರ್ಷ ಮೊದಲು. ಅದು ಹೇಗಾಯಿತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶಾಲೆಯ ಭಾಷಣಗಳಲ್ಲಿ ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ದೊಡ್ಡ ಸಂಬಳದ ನೌಕರಿ ಬಿಟ್ಟು ವಿಜ್ಞಾನಕ್ಕೆ ಬಂದರು. ನಿಜ, ಆದರೆ ಬಿಟ್ಟದ್ದು ಹತ್ತು ವರ್ಷದ ನಂತರ.

ಆ ಹತ್ತು ವರ್ಷ ಅವರ ದಿನಚರಿ ಹೀಗಿತ್ತು. ಬೆಳಗ್ಗೆ ಐದೂವರೆಗೆ ಬೌಬಜಾರಿನ ಪ್ರಯೋಗಾಲಯ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮನೆಗೆ ಬಂದು ಸ್ನಾನ, ಗಡಿಬಿಡಿಯಲ್ಲಿ ಊಟ, ಟ್ಯಾಕ್ಸಿ ಹಿಡಿದು ಕಚೇರಿ. ಸಂಜೆ ಐದಕ್ಕೆ ಕಚೇರಿಯಿಂದ ನೇರ ಮತ್ತೆ ಪ್ರಯೋಗಾಲಯ. ಮನೆ ಸೇರುವಾಗ ರಾತ್ರಿ ಹತ್ತು. ಭಾನುವಾರ ಪೂರ್ತಿ ಅಲ್ಲೇ. ಮನೆ ಮಾಡಿದ್ದೂ ಹತ್ತಿರದ ಸ್ಕಾಟ್ಸ್ ಲೇನಿನಲ್ಲಿ. ನಡುವೆ ಇಲಾಖೆ ರಂಗೂನಿಗೆ ವರ್ಗ ಮಾಡಿತು, ಆಮೇಲೆ ನಾಗಪುರಕ್ಕೆ. 1911ರಲ್ಲಿ ಮತ್ತೆ ಕಲ್ಕತ್ತೆ. ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ ಎಂಬಂಥ ವಿಷಯಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳು ಹೊರಬಂದದ್ದು ಅವರು ಸರ್ಕಾರದ ಲೆಕ್ಕ ನೋಡಿಕೊಂಡಿದ್ದ ಆ ಹತ್ತು ವರ್ಷದಲ್ಲೇ. ಅವರೇನೂ ಕೆಟ್ಟ ಅಧಿಕಾರಿಯಾಗಿರಲಿಲ್ಲ ಎನ್ನುವುದನ್ನೂ ನೆನಪಿಡಬೇಕು. ಇಷ್ಟವಿಲ್ಲದ ಕೆಲಸವನ್ನು ಕೆಟ್ಟದಾಗಿ ಮಾಡುವುದು ನಮ್ಮಲ್ಲಿ ಹಲವರು ಕಂಡುಕೊಂಡಿರುವ ಸುಲಭದ ದಾರಿ.

ಅಷ್ಟರಲ್ಲಿ ತಾರಕನಾಥ್ ಪಾಲಿತ್ ಎಂಬ ವಕೀಲರು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ದೊಡ್ಡ ದತ್ತಿ ಕೊಟ್ಟಿದ್ದರು. ಅದರಿಂದ ಹುಟ್ಟಿದ ಭೌತಶಾಸ್ತ್ರದ ಪೀಠಕ್ಕೆ ಕುಲಪತಿ ಆಶುತೋಷ್ ಮುಖರ್ಜಿಯವರು ರಾಮನ್‌ರನ್ನು ಕರೆದರು. ಆ ಹುದ್ದೆಗೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಷರತ್ತಿತ್ತು. ಹೋಗುವುದಿಲ್ಲ ಎಂದರು ರಾಮನ್. ಷರತ್ತನ್ನೇ ಬಿಡಲಾಯಿತು. 1917ರ ಜುಲೈನಲ್ಲಿ, 28ನೇ ವಯಸ್ಸಿನಲ್ಲಿ, ಸರ್ಕಾರಿ ಹುದ್ದೆ ಬಿಟ್ಟು ಪ್ರೊಫೆಸರ್ ಆದರು. ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಮಕ್ಕಳು ಇನ್ನೂ ಆಗಿರಲಿಲ್ಲ. ಆದರೂ ಸರ್ಕಾರಿ ಅಧಿಕಾರಿಯ ಹೆಂಡತಿಯಾಗಿದ್ದ ಲೋಕಸುಂದರಿಯವರು ಅರ್ಧ ಸಂಬಳದಲ್ಲಿ ಮನೆ ತೂಗಿಸಬೇಕಾಗಿ ಬಂದದ್ದನ್ನು ನಮ್ಮ ಭಾಷಣಕಾರರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. 1928ರ ಫೆಬ್ರವರಿ 28, 1930ರ ನೊಬೆಲ್. ಅದರ ಮುಂದಿನದನ್ನು ಮಾತ್ರ ಕಡಿಮೆ ಜನ ನೆನೆಯುತ್ತಾರೆ. ಖುಷಿಯ ಕೆಲಸವೂ ಜಗಳವಿಲ್ಲದೆ ಸಾಗಲಿಲ್ಲ. ಕಲ್ಕತ್ತೆಯ ವಿಜ್ಞಾನಿಗಳ ವಲಯದಲ್ಲಿ ಮನಸ್ತಾಪ ಬೆಳೆಯಿತು. 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿ ಬೆಂಗಳೂರಿಗೆ ಹೋದರು. ಅಲ್ಲಿಯೂ 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ತಾವು ಮೊದಲು ಬಾಗಿಲು ತಟ್ಟಿದ ಬೌಬಜಾರಿನ ಆ ಸಂಸ್ಥೆಯ ಜೊತೆಗೂ ಸಂಬಂಧ ಹಳಸಿತ್ತು. ಇಷ್ಟದ ಕೆಲಸ ಸಿಕ್ಕಿದರೆ ನೆಮ್ಮದಿಯೂ ಸಿಕ್ಕೇ ಸಿಗುತ್ತದೆ ಎಂದು ನಂಬಿದವರಿಗೆ ನಾನು ಈ ಭಾಗವನ್ನು ತಪ್ಪದೆ ಹೇಳುತ್ತೇನೆ.

ಕಾಲೇಜಿನ ಗೇಟಿನ ಮುಂದೆ ನಿಂತು ಇಷ್ಟೂ ಕೇಳಿದ ಹುಡುಗ, ‘ಅವರು ರಾಮನ್ ಸಾರ್. ನಾನು ಸ್ಕೇಲ್ ಒನ್ ಆಫೀಸರ್’ ಎಂದ. ಮಾತು ಸರಿಯೇ. ಹಾಗಾಗಿ ಸ್ವಲ್ಪ ಮಟ್ಟಿಗೆ ನಮ್ಮ ಹಾಗೆಯೇ ಆಫೀಸಿಗೆ ಹೋಗುತ್ತಿದ್ದ ಇನ್ನೊಬ್ಬರ ಕಥೆ ಹೇಳಿದೆ. 1943ರಲ್ಲಿ ಡಿ. ಜೆ. ಕೀಮರ್ ಎಂಬ ಜಾಹೀರಾತು ಕಂಪನಿಗೆ ತಿಂಗಳಿಗೆ 80 ರೂಪಾಯಿಗೆ ಸೇರಿದ ಚಿತ್ರಕಾರ. ಸಿನಿಮಾ ಮಾಡುವ ಹುಚ್ಚು. 1952ರ ಅಕ್ಟೋಬರಿನಲ್ಲಿ ರಜಾದಿನ ನೋಡಿಕೊಂಡು ಶೂಟಿಂಗ್ ಶುರುಮಾಡಿದರು. ಕಾಶ್ ಹೂವಿನ ಬಯಲಿನಲ್ಲಿ ಒಂದು ದಿನ ಚಿತ್ರೀಕರಿಸಿ, ಮುಂದಿನ ವಾರ ಬಿಡುವಾದಾಗ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು! ಉಳಿದ ಭಾಗಕ್ಕೆ ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಸತ್ಯಜಿತ್ ರಾಯ್ ವಿಮಾ ಪಾಲಿಸಿಯ ಮೇಲೆ ಸಾಲ ಎತ್ತಿದರು, ಗ್ರಾಮಫೋನ್ ರೆಕಾರ್ಡು ಮಾರಿದರು, ಹೆಂಡತಿ ಬಿಜೋಯಾ ಅವರ ಒಡವೆ ಅಡವಿಗೆ ಹೋಯಿತು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟು, 1955ರಲ್ಲಿ ‘ಪಥೇರ್ ಪಾಂಚಾಲಿ’ ತೆರೆಕಂಡಿತು. ಇಷ್ಟೂ ಕಾಲ ಆಫೀಸಿನ ಕೆಲಸ ಇದ್ದೇ ಇತ್ತು. ಬಿಟ್ಟದ್ದು ಆಮೇಲೆ.

ನಮ್ಮವರಲ್ಲೂ ಹೀಗೆಯೇ. ಗಿರೀಶ ಕಾರ್ನಾಡರು 1963ರಿಂದ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿದ್ದು 1970ರಲ್ಲಿ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ‘ತುಘಲಕ್’ ಬಂದು ಆರು ವರ್ಷವಾಗಿತ್ತು, ಕೈಯಲ್ಲಿ ಹೋಮಿ ಭಾಭಾ ಫೆಲೋಶಿಪ್ ಇತ್ತು. ಇನ್ನೊಂದು ಕಡೆ ಯಶವಂತ ಚಿತ್ತಾಲರು. ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ‘ಶಿಕಾರಿ’ ಬರೆದರು. ನೌಕರಿ ಬಿಡದ ಕಾರಣಕ್ಕೇ ಆ ಕಾದಂಬರಿಗೆ ಕಾರ್ಪೊರೇಟ್ ಲೋಕದ ಭಯ ಸಿಕ್ಕಿತು ಎಂದು ನನಗೆ ಅನ್ನಿಸುತ್ತದೆ. ಬಿಟ್ಟವರದಷ್ಟೇ ಧೈರ್ಯವೆಂದು ಯಾಕೆ ಎಣಿಸಬೇಕು?

ಹೀಗೆಂದು ಭದ್ರತೆಯ ಪರವಾಗಿ ವಾದಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಭದ್ರತೆ ಎಷ್ಟು ಭದ್ರ ಎನ್ನುವುದನ್ನು ಈ ಊರಿನಲ್ಲಿದ್ದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೌರಾದಿಂದ ಬರ್ಧಮಾನದ ಲೋಕಲ್ ಹತ್ತಿದರೆ ಉತ್ತರಪಾರಾ ಆದಮೇಲೆ ‘ಹಿಂದ್ ಮೋಟರ್’ ಎಂಬ ಸ್ಟೇಷನ್ ಬರುತ್ತದೆ. ಅಂಬಾಸಡರ್ ಕಾರು ತಯಾರಾಗುತ್ತಿದ್ದ ಕಾರ್ಖಾನೆಯ ಹೆಸರೇ ಸ್ಟೇಷನ್ನಿಗೆ. 2014ರ ಮೇ ತಿಂಗಳಲ್ಲಿ ಕಾರ್ಖಾನೆ ನಿಂತಿತು. ರೈಲು ಈಗಲೂ ನಿಲ್ಲುತ್ತದೆ.

ಅದು ಖಾಸಗಿ ಎನ್ನಬಹುದು. ಸರ್ಕಾರಿಯದೂ ನೋಡಿದೆವು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು, 2016ರ ನೇಮಕಾತಿಯಲ್ಲಿ ಅಕ್ರಮ ನಡೆದಿದೆಯೆಂದು ಪಶ್ಚಿಮ ಬಂಗಾಳದ ಸುಮಾರು 25 ಸಾವಿರ ಶಾಲಾ ಶಿಕ್ಷಕರ ಮತ್ತು ಸಿಬ್ಬಂದಿಯ ನೇಮಕವನ್ನು ರದ್ದು ಮಾಡಿತು. ಅವರಲ್ಲಿ ಲಂಚ ಕೊಟ್ಟವರೂ ಇದ್ದರು, ಹಗಲಿರುಳು ಓದಿ ಪಾಸಾದವರೂ ಇದ್ದರು. ಬೇರೆ ಸರ್ಕಾರಿ ಇಲಾಖೆ ಬಿಟ್ಟು ಮೇಷ್ಟರ ಕೆಲಸಕ್ಕೆ ಬಂದಿದ್ದ ನಿರಪರಾಧಿಗಳು ಹಳೆಯ ಹುದ್ದೆಗೆ ಮರಳಲು ಅರ್ಜಿ ಹಾಕಬಹುದೆಂದು ಅದೇ ತೀರ್ಪು ಹೇಳಿತು. ಉಳಿದವರು ರಸ್ತೆಯಲ್ಲಿ ಧರಣಿ ಕೂತರು. ಮನೆ ಸಾಲ, ಮಗುವಿನ ಶಾಲೆ, ಅಮ್ಮನ ಔಷಧಿ ಎಲ್ಲ ಆ ಸಂಬಳದ ಮೇಲೆ ನಿಂತಿತ್ತು. ನಮ್ಮ ಹುಡುಗ ಹೋಗಬೇಕೆನ್ನುವುದೂ ಮೇಷ್ಟರ ಕೆಲಸಕ್ಕೇ! ಆ ಸುದ್ದಿ ಬಂದ ದಿನ ತಾನು ರಾತ್ರಿ ನಿದ್ದೆ ಮಾಡಲಿಲ್ಲ ಎಂದ.

ಕರ್ನಾಟಕದಲ್ಲಿ ಹುಟ್ಟಿದ ನಮ್ಮ ಬ್ಯಾಂಕುಗಳನ್ನೇ ನೋಡಿ. ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಕೆಲಸ ಉಳಿಯಿತು ನಿಜ. ಆದರೆ ಮೂವತ್ತು ವರ್ಷ ‘ನಮ್ಮ ಬ್ಯಾಂಕ್’ ಎಂದವರಿಗೆ ಹೇಳಿಕೊಳ್ಳಲು ಹೆಸರಿಲ್ಲದಂತಾಯಿತು.

ಹಾಗಾದರೆ ಏನು ಮಾಡುವುದು? ಆ ಶನಿವಾರ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಮಣ್ಣಿನ ಭಾಂಡದಲ್ಲಿ ಟೀ ಕುಡಿಯುತ್ತಾ ನಾವು ಮಾಡಿದ್ದು ಬರೀ ಲೆಕ್ಕ. ಅವನಿಗೂ ಲೆಕ್ಕ ಇಷ್ಟವಲ್ಲವೇ. ಮೊದಲನೆಯದು ಗ್ರಾಚ್ಯುಟಿ. ಐದು ವರ್ಷ ನಿರಂತರ ಸೇವೆ ಆಗದೆ ಅದು ಸಿಗುವುದಿಲ್ಲ. ವರ್ಷಕ್ಕೆ 15 ದಿನದ ಸಂಬಳದಂತೆ, ತಿಂಗಳಿಗೆ 26 ದಿನ ಹಿಡಿದು ಲೆಕ್ಕ ಹಾಕಿದರೆ, ಐದು ವರ್ಷಕ್ಕೆ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ಹತ್ತಿರಹತ್ತಿರ ಮೂರು ತಿಂಗಳ ಸಂಬಳ. ನಾಲ್ಕು ವರ್ಷಕ್ಕೆ ಬಿಟ್ಟರೆ ಅದು ಕೈತಪ್ಪುತ್ತದೆ. 2010ರ ಏಪ್ರಿಲ್ ನಂತರ ಬ್ಯಾಂಕಿಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಇರುವುದು ಎನ್‌ಪಿಎಸ್. ಅದರ ಖಾತೆ ಎಲ್ಲಿಗೆ ಹೋದರೂ ನಮ್ಮ ಜೊತೆಗೇ ಬರುತ್ತದೆ. ಅಂದರೆ ‘ಪಿಂಚಣಿ ಹೋಗುತ್ತೆ ಕಣೋ’ ಎಂದು ಅಪ್ಪ ಹೆದರುವುದು ಅವರ ಕಾಲದ ಹೆದರಿಕೆ. ನಿಜವಾಗಿ ಹೋಗುವುದು ಮನೆಯವರ ಆಸ್ಪತ್ರೆ ಖರ್ಚಿನ ಆಸರೆ ಮತ್ತು ಕಡಿಮೆ ಬಡ್ಡಿಯ ಸಿಬ್ಬಂದಿ ಸಾಲ. ಅವನ ಹೆಸರಿನಲ್ಲಿ ಅಂಥದ್ದೊಂದು ಸಾಲ ಇತ್ತು, ತಂಗಿಯ ಮದುವೆಯದು.

ಎರಡನೆಯದು ಬಿ.ಎಡ್. ಹೈಸ್ಕೂಲಿನಲ್ಲಿ ಪಾಠ ಮಾಡಲು ಅದು ಬೇಕು. ಈಗ ಅದು ಎರಡು ವರ್ಷದ ಕೋರ್ಸು, ನೌಕರಿಯ ಜೊತೆ ಮಾಡಲಾಗದು. ಹಾಗಾದರೆ ಸಂಬಳವಿಲ್ಲದ ಎರಡು ವರ್ಷ, ಆಮೇಲೆ ಖಾಸಗಿ ಶಾಲೆಯಲ್ಲಿ ಈಗಿನದಕ್ಕಿಂತ ಬಹಳ ಕಡಿಮೆ ಸಂಬಳ. ಇವನ್ನೆಲ್ಲ ಒಂದು ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಂಡ. ಮೂರನೆಯದನ್ನು ಬರೆಯಲಿಲ್ಲ, ನಾನೇ ಕೇಳಿದೆ: ‘ನಿನಗೆ ಬೇಡವಾಗಿರೋದು ಬ್ಯಾಂಕೋ, ಈ ಬ್ರಾಂಚೋ, ಈ ಮ್ಯಾನೇಜರೋ?’ ಬಹಳ ಹೊತ್ತು ಸುಮ್ಮನಿದ್ದ. ‘ಮ್ಯಾನೇಜರ್ ಬದಲಾದ್ರೂ ಭಾನುವಾರದ ಹೊಟ್ಟೆನೋವು ಹೋಗಲ್ಲ ಸಾರ್, ಹಿಂದಿನ ಬ್ರಾಂಚಲ್ಲೂ ಇತ್ತು’ ಎಂದ. ಆ ಉತ್ತರ ಬಂದಮೇಲೆ ನಾನು ತಡೆಯುವ ಮಾತು ಆಡಲಿಲ್ಲ.

ಅವನು ಇನ್ನೂ ರಾಜೀನಾಮೆ ಕೊಟ್ಟಿಲ್ಲ. ತಂಗಿಯ ಮದುವೆಯ ಸಾಲ ಮುಂದಿನ ಫೆಬ್ರವರಿಗೆ ತೀರುತ್ತದಂತೆ, ಐದು ವರ್ಷವೂ ಆಗ ತುಂಬುತ್ತದೆ. ಈಗ ಪ್ರತಿ ಭಾನುವಾರ ಸಂಜೆ ಜಾದವಪುರದ ತನ್ನ ಬಾಡಿಗೆ ಮನೆಯಲ್ಲಿ ಆರು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಬ್ಯಾಂಕಿನ ನಿಯಮದಂತೆ ಅನುಮತಿಯಿಲ್ಲದೆ ಹೊರಗೆ ಸಂಪಾದಿಸುವಂತಿಲ್ಲ, ಹಾಗಾಗಿ ದುಡ್ಡಿಲ್ಲ. ಮಕ್ಕಳ ಅಮ್ಮಂದಿರು ಸಂದೇಶ್ ತಂದುಕೊಡುತ್ತಾರೆ. ಇವನ ಬಂಗಾಳಿ ಕೇಳಿ ಮಕ್ಕಳು ನಗುತ್ತವೆಯಂತೆ, ಭಿನ್ನರಾಶಿಗೆ ಬಂಗಾಳಿಯಲ್ಲಿ ‘ಭಗ್ನಾಂಶ’ ಎನ್ನುತ್ತಾರೆಂದು ಅವರೇ ಇವನಿಗೆ ಕಲಿಸಿದ್ದಾರೆ. ಹೋದ ವಾರ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆಯಾ ಎಂದು ಕೇಳಿದೆ. ‘ದಸರಾಗೆ ಊರಿಗೆ ಹೋಗ್ತೀನಲ್ಲ ಸಾರ್, ಎದುರಿಗೆ ಕೂತು ಹೇಳ್ತೀನಿ. ಆ ಬಿಲ್ಲು ಜೋಪಾನವಾಗಿ ಇಟ್ಟಿದೀನಿ’ ಎಂದ.