ಎತ್ತರಕ್ಕೆ ಕಟ್ಟಿದ ಬೆಲೆ

ಮೋಟಾರ್ ಇರುವ ಮಾದರಿ ಗ್ಲೈಡರ್‌ಗಳ ಪಂದ್ಯದಲ್ಲಿ ಮೋಟಾರ್ ಓಡುವುದು ಹೆಚ್ಚೆಂದರೆ ಅರ್ಧ ನಿಮಿಷ. ಉಳಿದ ಒಂಬತ್ತೂವರೆ ನಿಮಿಷ ರಿಮೋಟ್ ಹಿಡಿದವರು ನೆಲದಿಂದ ಏಳುವ ಬಿಸಿಗಾಳಿಯನ್ನು, ಅಂದರೆ ಥರ್ಮಲ್‌ಗಳನ್ನು, ಹುಡುಕಿಕೊಂಡು ವಿಮಾನವನ್ನು ತೇಲಿಸಬೇಕು. ಜಗಳವೆಲ್ಲ ಆ ಅರ್ಧ ನಿಮಿಷದ್ದೇ. ಈಗಿನ ಬ್ರಷ್‌ಲೆಸ್ ಮೋಟಾರಿಗೆ ಲಿಥಿಯಂ ಬ್ಯಾಟರಿ ಜೋಡಿಸಿದರೆ ಅಷ್ಟರಲ್ಲೇ ಕೆಲವು ನೂರು ಮೀಟರ್ ಏರಿಬಿಡಬಹುದು. ಅಷ್ಟು ಎತ್ತರ ಸಿಕ್ಕಮೇಲೆ ಥರ್ಮಲ್ ಹುಡುಕುವ ಜಾಣ್ಮೆಗೆ ಕೆಲಸವೇ ಇರುವುದಿಲ್ಲ.

ಅಮೆರಿಕದ ಕ್ಲಬ್‌ಗಳಲ್ಲಿ ಜನಪ್ರಿಯವಾದ ಎಎಲ್‌ಇಎಸ್ ಪಂದ್ಯಗಳು ಇದಕ್ಕೆ ನೇರ ಮದ್ದು ಹುಡುಕಿದವು. ವಿಮಾನದೊಳಗೆ ಗಾಳಿಯ ಒತ್ತಡ ಅಳೆಯುವ ಪುಟ್ಟ ಪೆಟ್ಟಿಗೆ ಇರುತ್ತದೆ. ಸಾಮಾನ್ಯವಾಗಿ 200 ಮೀಟರ್ ಮುಟ್ಟಿದೊಡನೆ ಅದು ಮೋಟಾರನ್ನು ತಾನೇ ನಿಲ್ಲಿಸುತ್ತದೆ. ಎಲ್ಲರಿಗೂ ಒಂದೇ ಎತ್ತರ, ತಕರಾರಿಲ್ಲ. ಹಾಗೆಂದುಕೊಂಡರೆ ಭೌತಶಾಸ್ತ್ರ ಬಿಡಬೇಕಲ್ಲ! ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಆ ಗೆರೆ ದಾಟಿದ ವಿಮಾನ, ಮೋಟಾರ್ ನಿಂತಮೇಲೂ ವೇಗವನ್ನೇ ಎತ್ತರವಾಗಿ ಮಾರ್ಪಡಿಸಿಕೊಂಡು ಮೇಲೇರುತ್ತದೆ. ಲೆಕ್ಕದ ಪ್ರಕಾರ 46 ಮೀಟರ್. ಗಾಳಿಯ ಎಳೆತಕ್ಕೆ ಒಂದಷ್ಟು ಸೋರಿಹೋದರೂ ಉಳಿದದ್ದು ಪುಕ್ಕಟೆ ಲಾಭ. ದೊಡ್ಡ ಮೋಟಾರ್ ಕೊಂಡವರಿಗೆ ದೊಡ್ಡ ಲಾಭ.

ಪೆಟ್ಟಿಗೆಯನ್ನೇ ದಾರಿತಪ್ಪಿಸುವ ಇನ್ನೊಂದು ಸಂಗತಿಯಿದೆ. ಸಮುದ್ರಮಟ್ಟದ ಆಸುಪಾಸಿನಲ್ಲಿ ಒಂದು ಮೀಟರ್ ಏರಿದರೆ ಒತ್ತಡ ಸುಮಾರು 12 ಪ್ಯಾಸ್ಕಲ್ ಇಳಿಯುತ್ತದೆ. ಅದೇ 30 ಮೀಟರ್ ವೇಗದಲ್ಲಿ ಎದುರುಗಾಳಿ ಒತ್ತುವ ಒತ್ತಡ ಸುಮಾರು 550 ಪ್ಯಾಸ್ಕಲ್. ಮೂತಿಯ ತೂತಿನಿಂದ ಅದರ ಕಾಲುಭಾಗ ಒಳನುಗ್ಗಿ ಸೇರಿಕೊಂಡರೂ ಪೆಟ್ಟಿಗೆ 11 ಮೀಟರ್ ಕಡಿಮೆ ತೋರಿಸುತ್ತದೆ, ಮೋಟಾರ್ ಅಷ್ಟು ಹೊತ್ತು ಹೆಚ್ಚು ಓಡುತ್ತದೆ. ಮೋಸದ ಉದ್ದೇಶವೇ ಬೇಕಿಲ್ಲ, ಬ್ಯಾಟರಿ ತಣಿಸಲು ಕೊರೆದ ತೂತು ಸಾಕು.

ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟದ ಎಫ್5ಜೆ ವಿಭಾಗ ಬೇರೆ ದಾರಿ ಹಿಡಿಯಿತು. ಅಲ್ಲಿ ಎತ್ತರಕ್ಕೆ ಗೆರೆಯಿಲ್ಲ, ಆಟೊ ಮೀಟರಿನಂತೆ ದರವಿದೆ. 200 ಮೀಟರ್ ತನಕ ಮೀಟರಿಗೆ ಅರ್ಧ ಅಂಕ ಕಡಿತ; ಅದರಾಚೆ ಮೀಟರಿಗೆ 3 ಅಂಕ. ತೇಲಿದ ಪ್ರತಿ ಸೆಕೆಂಡಿಗೆ 1 ಅಂಕ. ಮೋಟಾರನ್ನು ಮತ್ತೆ ಚಾಲೂ ಮಾಡಿದರೆ ಆ ಹಾರಾಟಕ್ಕೆ ಸೊನ್ನೆ.

ಇಲ್ಲಿನ ಲೆಕ್ಕಾಚಾರ ಸೊಗಸು. 60 ಮೀಟರಿಗೆ ಮೋಟಾರ್ ನಿಲ್ಲಿಸಿದವರು 200ಕ್ಕೆ ಏರಿದವರಿಗಿಂತ 70 ಅಂಕ ಉಳಿಸುತ್ತಾರೆ. ಆದರೆ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಇಳಿಯುವ ಗ್ಲೈಡರಿಗೆ ಆ 140 ಮೀಟರ್ ಎಂದರೆ 280 ಸೆಕೆಂಡು. ಬೆಳಗಿನ ತಣ್ಣನೆ ಗಾಳಿಯಲ್ಲಿ ಎತ್ತರ ಕೊಳ್ಳುವುದೇ ಜಾಣತನ. ಬಿಸಿಲೇರಿ ಥರ್ಮಲ್ ಎದ್ದಮೇಲೆ ಅದೇ ಎತ್ತರ ದುಂದು.

ನನಗೆ ಹೆಚ್ಚು ಹಿಡಿಸಿದ್ದು ಒಂದು ಚಿಕ್ಕ ಷರತ್ತು: ಮೋಟಾರ್ ನಿಂತು 10 ಸೆಕೆಂಡ್ ಕಳೆಯುವವರೆಗೆ ತಲುಪಿದ ಗರಿಷ್ಠ ಎತ್ತರವೇ ಲೆಕ್ಕಕ್ಕೆ ಬರುತ್ತದೆ. ವೇಗ ಎತ್ತರವಾದರೆ ಅದಕ್ಕೂ ದುಡ್ಡು ಕಟ್ಟಬೇಕು. ಜೊತೆಗೆ, ವಿಮಾನ ತುತ್ತತುದಿ ಮುಟ್ಟುವಾಗ ವೇಗ ಕುಗ್ಗಿರುವುದರಿಂದ ಎದುರುಗಾಳಿಯ ಒತ್ತಡ ಮಾಡುವ ತಪ್ಪೂ ಸಣ್ಣದಾಗುತ್ತದೆ. ಒಂದೇ ಷರತ್ತಿಗೆ ಎರಡು ಕಳ್ಳದಾರಿ ಬಂದ್.

ಹೊಸಬರು ಕಲಿಯುವ ಭಾನುವಾರದ ಪಂದ್ಯಕ್ಕೆ 200 ಮೀಟರಿನ ಪೆಟ್ಟಿಗೆ ಧಾರಾಳ ಸಾಕು, ಲೆಕ್ಕದ ತಲೆಬಿಸಿ ಇಲ್ಲ. ಒಂದೆರಡು ಅಂಕದಲ್ಲಿ ಪದಕ ಕೈತಪ್ಪುವ ಕಡೆ ಮಾತ್ರ ಎಫ್5ಜೆ ನಿಯಮವೇ ನ್ಯಾಯ.