ಸದ್ದು ಬರೆಯುವ ಚಿತ್ರ: ಮೂಡಿಗೆರೆಯಿಂದ ಕಳಸದವರೆಗೆ

ಮಾರ್ಚ್ ಬಂದರೂ ಹೂಮಳೆ ಬೀಳದಿದ್ದರೆ ಮೂಡಿಗೆರೆ ಸೀಮೆಯ ರೊಬಸ್ಟಾ ಕಾಫಿ ತೋಟಗಳಿಗೆ ನೀರು ಹೊಡೆಯಲೇಬೇಕು. ಕೆರೆಯಂಚಿನಲ್ಲಿ ಡೀಸೆಲ್ ಪಂಪು ಗುಡುಗುಡು ಎನ್ನುತ್ತಿರುತ್ತದೆ. ಗಿಡಗಳ ನಡುವೆ ಸ್ಪ್ರಿಂಕ್ಲರ್ ಜೆಟ್ಟುಗಳು ಚಟ್ ಚಟ್ ಎಂದು ಸುತ್ತುತ್ತಿರುತ್ತವೆ. ಸಿಲ್ವರ್ ಓಕ್ ತುದಿಯಲ್ಲಿ ಕುಟ್ರು ಹಕ್ಕಿ ಬಿಡದೆ ಕೂಗುತ್ತಿರುತ್ತದೆ. ಇವೆಲ್ಲ ಒಂದೇ ಗದ್ದಲವಾಗಿ ಕಿವಿಗೆ ಬೀಳುತ್ತವೆ. ತೋಟದ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಮೈಕ್ ಚಾಲೂ ಮಾಡಿದರೆ ಅದೇ ಗದ್ದಲ ಪರದೆಯ ಮೇಲೆ ಬೇರೆಬೇರೆಯಾಗಿ ಕಾಣುತ್ತದೆ.

ನಾನು ಬಳಸಿದ್ದು ಪಿ5.ಜೆಎಸ್ ಎಂಬ ಉಚಿತ ತಂತ್ರಾಂಶ. 2001ರಲ್ಲಿ ಎಂಐಟಿಯಲ್ಲಿ ಕೇಸಿ ರಿಯಾಸ್ ಮತ್ತು ಬೆನ್ ಫ್ರೈ ಕಲಾವಿದರಿಗಾಗಿ ಆರಂಭಿಸಿದ 'ಪ್ರೊಸೆಸಿಂಗ್' ಇದರ ಹಿರಿಯಣ್ಣ. ಪಿ5ನ ಸದ್ದಿನ ವಿಭಾಗ ಕೇಳಿದ್ದನ್ನು ಆವರ್ತನಕ್ಕೆ ತಕ್ಕಂತೆ, ಕೆಳಗಿನಿಂದ ಮೇಲಕ್ಕೆ, 1,024 ಪಟ್ಟಿಗಳಾಗಿ ಸೀಳುತ್ತದೆ. ಪ್ರತಿ ಪಟ್ಟಿಯಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನು 0ಯಿಂದ 255ರೊಳಗಿನ ಒಂದು ಅಂಕಿಯಾಗಿ ಕೊಡುತ್ತದೆ. ಆ ಅಂಕಿಯನ್ನು ವೃತ್ತದ ಅಳತೆಗೋ ಗೆರೆಯ ಬಾಗಿಗೋ ಬಣ್ಣಕ್ಕೋ ಕಟ್ಟುವುದು ನಮ್ಮ ಕೆಲಸ.

ಈ ಕಟ್ಟುವುದರಲ್ಲೇ ಎಲ್ಲ ಇದೆ. ಹೆಚ್ಚಿನವರು ಕುಣಿತದ ಹಾಡೊಂದನ್ನು ಹಾಕಿ, ಬಾಸ್ ಬಡಿದಾಗೆಲ್ಲ ವೃತ್ತ ಉಬ್ಬುವಂತೆ ಮಾಡಿ ನಿಲ್ಲಿಸಿಬಿಡುತ್ತಾರೆ. ಎರಡು ನಿಮಿಷದಲ್ಲಿ ಅದು ಸಪ್ಪೆಯಾಗುತ್ತದೆ. ಅಲ್ಲಿ ಕೋಡ್ ಸಂಗೀತವನ್ನು ಕೇಳುತ್ತಿಲ್ಲ, ಜೋರನ್ನಷ್ಟೇ ಅಳೆಯುತ್ತಿದೆ. ತೋಟದಲ್ಲಿ ನಾನು ಪಂಪಿನ ಸದ್ದಿಗೆ ಚಲನೆ ಕೊಡಲಿಲ್ಲ. ಅದು ಒಂದೇ ಸಮನೆ ಇರುವಂಥದ್ದು, ಹಾಗಾಗಿ ಹಿನ್ನೆಲೆಯ ಮಣ್ಣುಬಣ್ಣವಾಯಿತು. ಜೆಟ್ಟಿನ ಒಂದೊಂದು ಪೆಟ್ಟಿಗೂ ಒಂದೊಂದು ಚುಕ್ಕಿ. ಕುಟ್ರು ಕೂಗಿದಷ್ಟು ಹೊತ್ತು ಬಳ್ಳಿಯೊಂದು ಬೆಳೆಯುತ್ತದೆ, ಕೂಗು ನಿಂತರೆ ಬಳ್ಳಿಯೂ ನಿಲ್ಲುತ್ತದೆ. ಪೈಪು ಬದಲಿಸಲು ಬಂದ ಕೆಲಸದವರೊಬ್ಬರು ಬಗ್ಗಿ ನೋಡಿ, "ಎಂತ ಸಾರ್, ಜೆಟ್ ಕಟ್ಟಿಕೊಂಡ್ರೆ ಇದ್ರಲ್ಲೇ ಗೊತ್ತಾಗ್ತದಲ್ಲ!" ಎಂದರು. ನಿಜ, ಚುಕ್ಕಿ ಬೀಳುವುದು ತಪ್ಪಿದರೆ ಎಲ್ಲೋ ಕಸ ಸಿಕ್ಕಿದೆ ಎಂದೇ ಲೆಕ್ಕ.

ಕಳಸದ ದಾರಿಯಲ್ಲಿ ಸಿಗುವ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವುದುಂಟೇ? ಇಲ್ಲೇ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೆ. ಮೂಡಿಗೆರೆಯ ತೋಟದಲ್ಲಿ ಕುಳಿತು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದವರು, ಕಂಪ್ಯೂಟರಿಗೆ ಕನ್ನಡ ಬರಬೇಕೆಂದು ಹಟ ಹಿಡಿದವರು ಅವರು. ಕಾಡಿಗೂ ಕೋಡಿಗೂ ಜಗಳವಿಲ್ಲ ಎಂಬ ಧೈರ್ಯ ಈ ದಾರಿಯಲ್ಲಿ ತಾನಾಗಿ ಬರುತ್ತದೆ. ಹೇಮಾವತಿ ಹುಟ್ಟುವ ಜಾವಳಿಯ ಕಡೆ ಜೀರುಂಡೆಗಳದೇ ರಾಜ್ಯ. ಮೇಲಿನ ಕೆಲವು ಪಟ್ಟಿಗಳು ತುಂಬಿ ತುಳುಕಿ, ಉಳಿದವು ಬಹುಮಟ್ಟಿಗೆ ಖಾಲಿ.

ಕಳಸ ತಲುಪಿದ ರಾತ್ರಿ ಊರಲ್ಲಿ ಬಯಲಾಟವಿತ್ತು. ಭಾಗವತರ ಒಪ್ಪಿಗೆ ಕೇಳಿ ಮೈಕನ್ನು ರಂಗಸ್ಥಳದ ಬದಿಯಲ್ಲಿಟ್ಟೆ. ಚಂಡೆಯ ಉರುಳಿಕೆ ಪರದೆಯಲ್ಲಿ ಬರೀ ಮಬ್ಬು ಮಬ್ಬಾಗಿ ಮೂಡಿತು. ಅಂಕಿಗಳು ಚಂಗನೆ ನೆಗೆಯದಂತೆ ಪಿ5 ಅವನ್ನು ಮೊದಲೇ ನಯಗೊಳಿಸುತ್ತದೆ, ಆ ಪ್ರಮಾಣ 0.8. ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿದ ಮೇಲೆ ಪೆಟ್ಟುಗಳು ಬಿಡಿಬಿಡಿಯಾದವು. ಚಂಡೆಯ ಪೆಟ್ಟು ಬಹಳಷ್ಟು ಪಟ್ಟಿಗಳಲ್ಲಿ ಒಮ್ಮೆಲೇ ಚಿಮ್ಮುತ್ತಿತ್ತು. ಮದ್ದಳೆಯದು ಬೇರೆ ರೀತಿ: ಅಲ್ಲೊಂದು ಇಲ್ಲೊಂದು ಶಿಖರ, ನಡುವೆ ಹೆಚ್ಚುಕಡಿಮೆ ಸಮ ಅಂತರ.

ಈ ಸಮ ಅಂತರದ ಗುಟ್ಟನ್ನು ಬಿಡಿಸಿದವರು ಸಿ.ವಿ. ರಾಮನ್. ಬರಿ ಚರ್ಮ ಬಿಗಿದ ವಾದ್ಯದಲ್ಲಿ ಮೇಲಿನ ಸ್ವರಗಳು ಮೂಲಸ್ವರಕ್ಕೆ ಹೊಂದುವುದಿಲ್ಲ. ಮುಚ್ಚಿಗೆಯ ನಡುವಿನ ಕರಣೆಯ, ಅಂದರೆ ಕಪ್ಪು ಲೇಪದ, ಭಾರ ಅವನ್ನು ಎರಡರಷ್ಟು, ಮೂರರಷ್ಟು, ಹೀಗೆ ಐದರಷ್ಟರವರೆಗೆ ತಂದು ಕೂರಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಅವರು ಇದನ್ನು ವಿವರವಾಗಿ ಬರೆದರು. ಅದಕ್ಕವರು ಮುಚ್ಚಿಗೆಯ ಮೇಲೆ ಮರಳು ಉದುರಿಸಿ ನೋಡಿದ್ದರು. ನಡುಗುವ ಜಾಗದಿಂದ ಮರಳು ಓಡುತ್ತದೆ, ನಡುಗದ ಗೆರೆಗಳ ಮೇಲೆ ನಿಲ್ಲುತ್ತದೆ. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಲೋಹದ ತಟ್ಟೆಯ ಚಿತ್ರಗಳದ್ದೂ ಇದೇ ಹಾದಿ. ಸದ್ದು ತಾನೇ ಚಿತ್ರ ಬರೆಯುವ ಕಲೆ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು ಎಂಬುದು ನನಗೆ ದೊಡ್ಡ ಸಂತೋಷದ ವಿಷಯ. ಬಯಲಾಟ ಮುಗಿಯುವ ಮೊದಲೇ ನನ್ನ ನಿಯಮ ಬದಲಾಗಿತ್ತು: ಪರದೆಯ ಕಣಗಳು ಸದ್ದಿನತ್ತ ಓಡುವ ಬದಲು ಸದ್ದಿಲ್ಲದ ಪಟ್ಟಿಗಳಲ್ಲಿ ಹೋಗಿ ನಿಲ್ಲತೊಡಗಿದವು.

ಹೋಗುವವರಿಗೆ ಎರಡು ಮಾತು. ಘಟ್ಟದ ತಿರುವುಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ಪಿ5ನ ಕಡತಗಳನ್ನು ಮೊದಲೇ ಇಳಿಸಿಕೊಂಡಿರಿ. ಮಳೆಗಾಲಕ್ಕೆ ಹೋಗುವುದಾದರೆ ಬೇರೆಯೇ ಕೋಡ್ ಬರೆಯಬೇಕು. ಹೆಂಚಿನ ಮೇಲೆ ಹೊಯ್ಯುವ ಜೂನ್ ಮಳೆ ಪಟ್ಟಿಗಳನ್ನೆಲ್ಲ ಒಟ್ಟಿಗೆ ತುಂಬುತ್ತದೆ. ಆಗ ಸದ್ದು ಎಷ್ಟಿದೆ ಎಂಬುದನ್ನು ಬಿಟ್ಟು, ಹಿಂದಿನ ಕ್ಷಣಕ್ಕಿಂತ ಎಷ್ಟು ಬದಲಾಯಿತು ಎಂಬುದನ್ನು ಅಳೆಯಬೇಕಾಗುತ್ತದೆ.