ನಡುಬೇಸಿಗೆಯಲ್ಲಿ ನೀರು ಹಾಕುವ ಕೈ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹಿತ್ತಲಿಗೆ ಹೋಗಿ ನೋಡಿ. ಕುಂಬಳದ ಬಳ್ಳಿ ಎಲೆಗಳನ್ನೆಲ್ಲ ಜೋಲುಬಿಟ್ಟುಕೊಂಡು ಬಿದ್ದಿರುತ್ತದೆ. ಹೊಸದಾಗಿ ಗಿಡ ಬೆಳೆಸಲು ಕೈಹಾಕಿದವರು ಕೂಡಲೇ ಬಕೆಟ್ ಹಿಡಿದು ಓಡುತ್ತಾರೆ. ಪಳಗಿದವರು ಒಮ್ಮೆ ನೋಡಿ ಸುಮ್ಮನೆ ಒಳಗೆ ಬರುತ್ತಾರೆ. ಬೇರು ಮೇಲೆತ್ತುವ ನೀರಿಗಿಂತ ಎಲೆಯಿಂದ ಆವಿಯಾಗುವ ನೀರು ಹೆಚ್ಚಾದಾಗ, ಮಣ್ಣಿನಲ್ಲಿ ಬೇಕಾದಷ್ಟು ತೇವವಿದ್ದರೂ ದೊಡ್ಡೆಲೆಯ ಗಿಡಗಳು ಬಾಡುತ್ತವೆ. ಬಿಸಿಲು ಇಳಿದ ಮೇಲೆ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಬೆಳಗ್ಗೆ ಆರು ಗಂಟೆಗೂ ಬಾಡಿಯೇ ಇದ್ದರೆ ಅದು ನಿಜವಾದ ಬಾಯಾರಿಕೆ. ಈ ಎರಡು ಬಾಡುವಿಕೆಗಳನ್ನು ಬೇರೆಬೇರೆಯಾಗಿ ಕಾಣುವ ಕಣ್ಣೇ ನಡುಬೇಸಿಗೆಯ ಕೈತೋಟದ ಅರ್ಧ ಕಸುಬು ಎಂದು ನನ್ನ ಎಣಿಕೆ.

ಬಯಲುಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳು ಬೆಳೆಸುವ ಕಾಲವಲ್ಲ, ಇದ್ದದ್ದನ್ನು ಕಾಯುವ ಕಾಲ. ಕಾಯುವುದೆಂದರೆ ಮುಖ್ಯವಾಗಿ ನೀರಿನ ಲೆಕ್ಕ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ, 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆ ಬೇಸಿಗೆಯಲ್ಲಿ ಪೈಪು ಬದಿಗಿಟ್ಟು ಚೊಂಬು ಹಿಡಿಯಬೇಕಾಯಿತು. ಚೊಂಬು ಹಿಡಿದವರಿಗೆ ಯಾವ ಗಿಡಕ್ಕೆ ಎಷ್ಟು ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲ ಪರೀಕ್ಷೆ ಬೆರಳಿನದು. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಅಲ್ಲಿ ತಂಪಿದ್ದರೆ ಆ ದಿನ ನೀರು ಬೇಡ, ಮೇಲ್ಪದರ ಎಷ್ಟೇ ಒಣಗಿ ಬಿಳಿಚಿಕೊಂಡಿದ್ದರೂ ಸರಿ. ದಿನಾ ಒಂದಿಷ್ಟು ಚಿಮುಕಿಸುವುದು ಕರುಣೆಯಂತೆ ಕಂಡರೂ ಗಿಡಕ್ಕೆ ಅದು ಅಪಕಾರ. ನೀರು ಮೇಲಿನ ಎರಡಂಗುಲದಲ್ಲೇ ನಿಂತರೆ ಬೇರೂ ಅಲ್ಲೇ ಹರಡಿಕೊಳ್ಳುತ್ತದೆ, ಬಿಸಿಲಿಗೆ ಮೊದಲು ಕಾಯುವುದೂ ಅದೇ ಪದರ. ಮೂರು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟರೆ ಬೇರು ನೀರನ್ನು ಹಿಂಬಾಲಿಸಿ ಕೆಳಗೆ ಹೋಗುತ್ತದೆ. ನಿಂಬೆ, ಸೀಬೆಯಂಥ ದೊಡ್ಡ ಗಿಡಗಳಿಗೆ ಕಾಂಡದ ಬುಡಕ್ಕೆ ಸುರಿಯುವುದರಿಂದ ಲಾಭ ಕಡಿಮೆ. ನೀರು ಹೀರುವ ಎಳೆಬೇರುಗಳಲ್ಲಿ ಹೆಚ್ಚಿನವು ಇರುವುದು ಕೊಂಬೆಗಳ ನೆರಳಿನ ಅಂಚಿನ ಕೆಳಗೆ. ಪಾತಿಯನ್ನು ಅಲ್ಲಿಯವರೆಗೆ ಅಗಲಿಸಬೇಕು. ನೀರುಂಡ ಮರುದಿನ ಮಣ್ಣು ಅರೆಬರೆ ಒಣಗಿದಾಗ ಕುರ್ಪಿಯಿಂದ ಮೇಲ್ಪದರವನ್ನು ಹಗುರವಾಗಿ ಕೆದಕುವುದೂ ಹಳೆಯ ವಿದ್ಯೆಯೇ. ಹೆಪ್ಪುಗಟ್ಟಿದ ಮಣ್ಣಿನ ಸಣ್ಣ ಸಣ್ಣ ಸಂದುಗಳಲ್ಲಿ ತೇವ ಮೇಲೇರಿ ಆವಿಯಾಗುತ್ತದೆ. ಕೆದಕಿದಾಗ ಆ ದಾರಿ ಕಡಿದುಹೋಗುತ್ತದೆ.

ಹೊತ್ತು ಬೆಳಗಿನದೇ ಒಳ್ಳೆಯದು. ಸಂಜೆ ಹಾಕುವವರು ಎಲೆ ನೆನೆಯದಂತೆ ಬುಡಕ್ಕಷ್ಟೇ ಹಾಕಲಿ, ರಾತ್ರಿಯಿಡೀ ಒದ್ದೆಯಾಗಿರುವ ಎಲೆ ಬೂಷ್ಟು ರೋಗಕ್ಕೆ ತವರು. ಬಿಸಿಲಿನಲ್ಲಿ ಎಲೆಯ ಮೇಲೆ ನಿಂತ ಹನಿ ಭೂತಗನ್ನಡಿಯಾಗಿ ಎಲೆಯನ್ನು ಸುಡುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ನಯವಾದ ಎಲೆಗಳ ಮಟ್ಟಿಗೆ ಅದು ನಿಜವಲ್ಲ. ನಡುಮಧ್ಯಾಹ್ನ ನೀರು ಹಾಕಬಾರದೆನ್ನುವುದು ಬಹುಪಾಲು ಆವಿಯಾಗಿ ಹೋಗುತ್ತದೆಂಬ ಕಾರಣಕ್ಕೆ.

ಕೊಟ್ಟ ನೀರು ಉಳಿಯಬೇಕಾದರೆ ನೆಲ ಬರಿಮೈಯಲ್ಲಿ ಇರಬಾರದು. ನಗರದ ಮನೆಗಳಲ್ಲಿ ಉದುರಿದ ತರಗೆಲೆಯನ್ನು ಗುಡಿಸಿ ಬೆಂಕಿ ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದೇ ಎಲೆಯನ್ನು ಪಾತಿಯ ಮೇಲೆ ಮೂರು ನಾಲ್ಕು ಅಂಗುಲ ದಪ್ಪ ಹರಡಿದರೆ ಕೆಳಗಿನ ಮಣ್ಣು ಮುಟ್ಟಿದರೆ ತಂಪು, ಎರೆಹುಳು ಮೇಲಕ್ಕೆ ಬರುತ್ತದೆ, ಕಳೆ ಹುಟ್ಟುವುದು ಕಡಿಮೆ. ಕರಾವಳಿಯಲ್ಲಿ ತೆಂಗಿನ ಸಿಪ್ಪೆಯನ್ನು ಬುಡದ ಸುತ್ತ ಹೂಳುವುದೂ ಇದೇ ಕಾರಣಕ್ಕೆ, ಅದರ ಚೋಗು ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಒಂದೇ ಎಚ್ಚರ ಬೇಕು: ಕಾಂಡಕ್ಕೂ ಹೊದಿಕೆಗೂ ನಡುವೆ ಒಂದು ಗೇಣು ಜಾಗ ಬಿಡಬೇಕು. ಇಲ್ಲದಿದ್ದರೆ ಗೆದ್ದಲು ಎಲೆಯ ಮರೆಯಲ್ಲಿ ಕಾಂಡ ಹತ್ತುತ್ತದೆ.

ತರಕಾರಿ ಮಡಿಗೆ ಇದಕ್ಕಿಂತಲೂ ಜಾಣ ಉಪಾಯವೊಂದಿದೆ: ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ಚೂರು ಮುಚ್ಚುವುದು. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನೀ ಕೃಷಿಗ್ರಂಥದಲ್ಲೇ ಇದರ ವಿವರವಿದೆ. ಇದರ ಸೊಗಸೆಂದರೆ, ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವುದು ನಾವಲ್ಲ, ಮಣ್ಣು. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಾದಾಗ ಎಳೆತ ತಗ್ಗುತ್ತದೆ. ಸೌತೆ, ಹೀರೆ, ಬದನೆಯ ಬೇರು ನಾಲ್ಕಾರು ವಾರದಲ್ಲಿ ಮಡಕೆಯ ಮೈಯನ್ನೇ ಅಪ್ಪಿಕೊಂಡುಬಿಡುತ್ತದೆ. ಗಿಡಗಳನ್ನು ಮಡಕೆಯ ಸುತ್ತ ಒಂದಡಿಯೊಳಗೆ ನೆಡಬೇಕು. ಬಣ್ಣ ಬಳಿದ, ಹೊಳಪು ಕೊಟ್ಟ ಮಡಕೆ ಕೆಲಸಕ್ಕೆ ಬಾರದು. ಕೊಳ್ಳುವಾಗ ನೀರು ತುಂಬಿಟ್ಟು ನೋಡಿ, ಸ್ವಲ್ಪ ಹೊತ್ತಿಗೆ ಹೊರಮೈ ಬೆವರಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಲಕ್ರಮೇಣ ಉಪ್ಪು ಕಟ್ಟಿಕೊಂಡು ರಂಧ್ರಗಳು ಮುಚ್ಚುತ್ತವೆ, ವರ್ಷಕ್ಕೊಮ್ಮೆ ಹೊರತೆಗೆದು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಬಾಯಿ ಮುಚ್ಚಲು ಮರೆತರೆ ಸೊಳ್ಳೆಯ ಸಂಸಾರಕ್ಕೆ ಮನೆ ಕಟ್ಟಿಕೊಟ್ಟಂತೆ.

ತಾರಸಿಯ ಕುಂಡಗಳ ಕಥೆ ಬೇರೆ. ಅಲ್ಲಿ ಮೇಲಿನ ಬಿಸಿಲಿನ ಜೊತೆಗೆ ಕೆಳಗೆ ಕಾದ ಕಾಂಕ್ರೀಟು ಇರುತ್ತದೆ. ಕುಂಡಗಳನ್ನು ಇಟ್ಟಿಗೆಯ ಮೇಲೋ ಮರದ ಹಲಗೆಯ ಮೇಲೋ ಏರಿಸಿ, ಒಂದಕ್ಕೊಂದು ಒತ್ತೊತ್ತಾಗಿ ಇಟ್ಟರೆ ಪರಸ್ಪರ ನೆರಳಾಗುತ್ತವೆ. ದೊಡ್ಡ ಗಿಡಗಳು ಪಡುವಣ ಅಂಚಿನಲ್ಲಿ, ಎಳೆಯವು ಒಳಗೆ. ತೆಂಗಿನ ನಾರಿನ ಪುಡಿ ಹೆಚ್ಚಿರುವ ಮಣ್ಣು ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನೇ ಒಲ್ಲೆನ್ನುತ್ತದೆ. ಸುರಿದದ್ದು ಕುಂಡದ ಗೋಡೆಗುಂಟ ಜಾರಿ ತಳದ ತೂತಿನಿಂದ ಹೊರಬರುತ್ತದೆ, ನಾವು ನೀರು ಕುಡಿಯಿತೆಂದು ತಿಳಿಯುತ್ತೇವೆ. ಅಂಥ ಕುಂಡವನ್ನು ನೀರಿನ ಟಬ್ಬಿನಲ್ಲಿ ಇಳಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡಬೇಕು. ಅಕ್ಕಚ್ಚು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಕುಂಡಕ್ಕೆ ಅದನ್ನೇ ದಿನವೂ ಹಾಕುವುದು ಬೇಡ.

ಎಲ್ಲರಿಗೂ ಸಮಪಾಲು ಎಂಬುದು ಕೈತೋಟದಲ್ಲಿ ನ್ಯಾಯವಲ್ಲ. ಕಾಗದದ ಹೂವಿನ ಬಳ್ಳಿಗೆ ನೀರು ಹೆಚ್ಚಾದರೆ ಬರೀ ಎಲೆ, ಸ್ವಲ್ಪ ಬಾಯಾರಿಸಿದರೆ ಮೈತುಂಬ ಬಣ್ಣ. ಕಣಗಿಲೆ ತನ್ನ ಪಾಡಿಗೆ ತಾನಿರುತ್ತದೆ. ಮಲ್ಲಿಗೆಗೆ ಮಾತ್ರ ಇದು ಸುಗ್ಗಿ, ಮೈಸೂರು ಮಲ್ಲಿಗೆಯಿರಲಿ ಹಡಗಲಿಯದಿರಲಿ, ಮೊಗ್ಗು ಕಚ್ಚುವ ಹೊತ್ತಿನಲ್ಲಿ ಬುಡ ಒಣಗಬಾರದು. ಒಂದು ಸುತ್ತಿನ ಹೂ ಮುಗಿದ ಮೇಲೆ ತುದಿಗಳನ್ನು ಒಂದೆರಡು ಗೆಣ್ಣು ಚಿವುಟಿದರೆ ಹೊಸ ಚಿಗುರಿನಲ್ಲಿ ಮತ್ತೆ ಮೊಗ್ಗು ಬರುತ್ತದೆ. ಬುಡದವರೆಗೆ ಸವರುವ ಕೆಲಸ ಚಳಿಗಾಲದ್ದು, ಈಗ ಕತ್ತರಿ ಆಡಿಸಿದರೆ ಬೆತ್ತಲಾದ ಕಾಂಡ ಬಿಸಿಲಿಗೆ ಸುಡುತ್ತದೆ. ಮೇ ಫ್ಲವರ್ ಗೆಡ್ಡೆಯ ಕುಂಡ ಖಾಲಿಯಾಗಿ ಕಂಡಿತೆಂದು ಮಣ್ಣು ಚೆಲ್ಲಿದವರು ಎಷ್ಟೋ ಮಂದಿ. ಗೆಡ್ಡೆ ಒಳಗೆ ಮಲಗಿದೆ, ಒಂದೆರಡು ಮಳೆಗೆ ಎಲೆಗಿಂತ ಮೊದಲೇ ಕೆಂಪು ಚೆಂಡು ಮೇಲೆದ್ದೀತು.

ಈ ಕಾಲದ ಮುಖ್ಯ ಶತ್ರು ಹಿಟ್ಟು ತಿಗಣೆ. ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯ ಹಾಗೆ ಕೂತಿರುತ್ತದೆ, ಇರುವೆಗಳು ಅದರ ಸಿಹಿರಸಕ್ಕಾಗಿ ಕಾವಲು ನಿಲ್ಲುತ್ತವೆ. ಮೊದಲು ರಭಸದ ನೀರಿನಿಂದ ತೊಳೆಯಿರಿ. ಬಗ್ಗದಿದ್ದರೆ ಲೀಟರಿಗೆ ಐದು ಮಿಲಿ ಬೇವಿನೆಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಕಲಸಿ ಸಂಜೆ ಸಿಂಪಡಿಸಿ. ಕಟುವಾದ ಕೀಟನಾಶಕ ಬೇಡವೆನ್ನಲು ಬಲವಾದ ಕಾರಣವೊಂದಿದೆ. ಮೆಕ್ಸಿಕೋ ಕಡೆಯ ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪಪ್ಪಾಯ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ನುಂಗತೊಡಗಿತು. ಯಾವ ಔಷಧಕ್ಕೂ ಅದು ಸರಿಯಾಗಿ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಮೂರು ಜಾತಿಯ ಪುಟ್ಟ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿದ ಮೇಲೆಯೇ ಹಾವಳಿ ಇಳಿದದ್ದು. ಅವು ತಿಗಣೆಯ ಮೈಯೊಳಗೇ ಮೊಟ್ಟೆಯಿಡುತ್ತವೆ. ತೂತುಬಿದ್ದು ಒಣಗಿದ ತಿಗಣೆಗಳು ಎಲೆಯಡಿ ಕಂಡರೆ ಔಷಧದ ಡಬ್ಬಿಯನ್ನು ಕೆಳಗಿಡಿ, ಕೆಲಸ ಆಗಲೇ ನಡೆಯುತ್ತಿದೆ.

ಗೊಬ್ಬರಕ್ಕೆ ಈಗ ರಜೆ. ಟೊಮೆಟೊ ಹೂ ಉದುರಿಸಿದರೆ ಗಾಬರಿ ಬೇಡ, ರಾತ್ರಿಯೂ ಸೆಖೆಯಿದ್ದರೆ ಅದು ಕಾಯಿ ಕಚ್ಚುವುದಿಲ್ಲ. ಬೆಂಡೆ, ಗೋರಿಕಾಯಿ, ಅಲಸಂದೆ ಈ ಬಿಸಿಲಿಗೆ ಜಗ್ಗುವವಲ್ಲ. ಕರಿಬೇವಿನ ಹಣ್ಣು ಕಪ್ಪಾದಾಗ ಸಿಪ್ಪೆ ಸುಲಿದು ಆಗಲೇ ಬಿತ್ತಿಬಿಡಿ. ಎತ್ತಿಟ್ಟ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ.

ಹೊಸ ಗಿಡ ನೆಡುವ ಆಸೆಯಿದ್ದರೆ ಈಗ ಮಾಡಬೇಕಾದ್ದು ಗುಂಡಿ ತೋಡುವುದು. ಮಾವು, ಹಲಸಿಗೆ ಉದ್ದ, ಅಗಲ, ಆಳ ಮೂರೂ ಮೂರಡಿ. ಮೇಲಿನ ಅರ್ಧ ಭಾಗದ ಮಣ್ಣು ಒಂದು ಕಡೆ, ತಳದ ಮಣ್ಣು ಇನ್ನೊಂದು ಕಡೆ ರಾಶಿಯಿರಲಿ. ಎರಡು ಮೂರು ವಾರ ಗುಂಡಿ ಬಿಸಿಲು ಕುಡಿದರೆ ಗೊಣ್ಣೆಹುಳುಗಳೂ ರೋಗದ ಬೀಜಗಳೂ ಬಹಳಷ್ಟು ಸಾಯುತ್ತವೆ. ಭರಣಿ ಮಳೆ ಹನಿಯುತ್ತಿದ್ದಂತೆ ಅರಿಸಿನ, ಶುಂಠಿ, ಸುವರ್ಣಗೆಡ್ಡೆಗಳ ನಾಟಿ. ಸುವರ್ಣಗೆಡ್ಡೆಯ ಹೋಳುಗಳನ್ನು ಸಗಣಿ ಬಗ್ಗಡದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಹೂಳಬೇಕು, ಪ್ರತಿ ಹೋಳಿನಲ್ಲೂ ಮೊಳಕೆಯ ಕಣ್ಣಿನ ಒಂದು ಪಾಲು ಇರಬೇಕು. ಮರದ ಗುಂಡಿಗಳನ್ನು ಮುಚ್ಚುವುದು ಮೇ ಕೊನೆಗೆ. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಅದನ್ನು ತಳಕ್ಕೆ ಹಾಕಿ, ತಳದ ಮಣ್ಣನ್ನು ಮೇಲಕ್ಕೆ ಹಾಕಿ. ತುಂಬಿದ ಮಣ್ಣು ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಕ್ಕೆ ನಿಂತಿರಲಿ, ಎರಡು ದೊಡ್ಡ ಮಳೆಗೆ ಕುಸಿದು ಸಮವಾಗುತ್ತದೆ. ಸಸಿ ಇಡುವುದು ಆಮೇಲೆ.